ಎದ್ದು ನಿಲ್ಲಲಾರದ ನಾಯಿ: ದೋಷ ಎಲ್ಲಿದೆ?

ಮಕ್ಕಳೇ, ನಿಮಗೆ ಕಾಲು ನೋವಾದರೆ ಏನು ಮಾಡುತ್ತೀರಿ? "ಇಲ್ಲಿ ನೋಯುತ್ತಿದೆ" ಎಂದು ವೈದ್ಯರಿಗೆ ಬೆರಳಿಟ್ಟು ತೋರಿಸುತ್ತೀರಿ. ನಾಯಿಗೆ ಮಾತು ಬಾರದು. ಹಾಗಾದರೆ ಅದರ ತೊಂದರೆ ಎಲ್ಲಿದೆ ಎಂದು ಪಶುವೈದ್ಯರು ಕಂಡುಹಿಡಿಯುವುದು ಹೇಗೆ?

ಒಂದು ಉದಾಹರಣೆ ನೋಡೋಣ. ಉದ್ದ ಬೆನ್ನು, ಗಿಡ್ಡ ಕಾಲುಗಳ ಡ್ಯಾಶ್‌ಹಂಡ್ ಜಾತಿಯ ನಾಯಿಯೊಂದಿದೆ ಎಂದುಕೊಳ್ಳಿ. ಅದನ್ನು ಮೋತಿ ಎಂದು ಕರೆಯೋಣ. ನಿನ್ನೆ ಜಗುಲಿಯಿಂದ ಹಾರಿ ಆಡುತ್ತಿದ್ದ ಮೋತಿ ಇಂದು ಬೆಳಿಗ್ಗೆ ಹಿಂಗಾಲುಗಳನ್ನು ನೆಲದ ಮೇಲೆ ಎಳೆದುಕೊಂಡು ಬರುತ್ತಿದೆ. ಕಾಲಿನ ಮೂಳೆ ಮುರಿದಿಲ್ಲ, ಗಾಯವೂ ಇಲ್ಲ. ಊರಿನ ಪಶುವೈದ್ಯರು ಪರೀಕ್ಷಿಸಿ, "ತೊಂದರೆ ಕಾಲಿನದಲ್ಲ, ಬೆನ್ನಿನದು. ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತಜ್ಞರಿಗೆ ತೋರಿಸಿ, ತಡಮಾಡಬೇಡಿ" ಎನ್ನುತ್ತಾರೆ.

ಕಾಲು ನಡೆಯದಿದ್ದರೆ ಬೆನ್ನನ್ನೇಕೆ ನೋಡಬೇಕು?

ಸುದ್ದಿ ಸಾಗುವ ದಾರಿ

ಬೆನ್ನುಮೂಳೆ ಒಂದೇ ಮೂಳೆಯಲ್ಲ. ಅದು ಮಣಿಸರದಂತೆ ಜೋಡಿಸಿದ ಕಶೇರುಮಣಿಗಳ ಸಾಲು. ನಮ್ಮ ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 12, ಸೊಂಟದಲ್ಲಿ 5 ಮಣಿಗಳಿವೆ. ನಾಯಿಗೆ ಕುತ್ತಿಗೆಯಲ್ಲಿ 7, ಎದೆಯಲ್ಲಿ 13, ಸೊಂಟದಲ್ಲಿ 7. ಈ ಮಣಿಗಳ ರಂಧ್ರದೊಳಗೆ ಮಿದುಳುಬಳ್ಳಿ ಹಾದುಹೋಗುತ್ತದೆ. "ನಡೆ" ಎಂಬ ಮಿದುಳಿನ ಆಜ್ಞೆ ಕಾಲಿಗೆ ತಲುಪುವುದು ಇದರ ಮೂಲಕ. "ಮುಳ್ಳು ಚುಚ್ಚಿತು" ಎಂಬ ಕಾಲಿನ ಸುದ್ದಿ ಮಿದುಳಿಗೆ ಹೋಗುವುದೂ ಇದರ ಮೂಲಕವೇ.

ಎರಡು ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆ ಇರುತ್ತದೆ. ಅದರ ಹೊರಗೆ ಗಟ್ಟಿ ಬಳೆ, ಒಳಗೆ ಎಳನೀರಿನ ಗಂಜಿಯಂತಹ ಮೆತ್ತಗಿನ ತಿರುಳು. ಓಡುವಾಗ, ಹಾರುವಾಗ ಬೀಳುವ ಪೆಟ್ಟನ್ನು ಈ ಮೆತ್ತೆ ತಡೆದುಕೊಳ್ಳುತ್ತದೆ. ಡ್ಯಾಶ್‌ಹಂಡ್‌ನಂತಹ ನಾಯಿಗಳಲ್ಲಿ ಈ ತಿರುಳು ಚಿಕ್ಕ ವಯಸ್ಸಿನಲ್ಲೇ ಒಣಗಿ, ಗಂಜಿ ಬಲಿತು ಕಾಯಿಯಾದಂತೆ ಗಟ್ಟಿಯಾಗುತ್ತದೆ. ಒಂದು ದಿನ ಹೊರಬಳೆ ಹರಿದು, ಗಟ್ಟಿ ತಿರುಳು ಮೇಲಕ್ಕೆ ಚಿಮ್ಮಿ ಮಿದುಳುಬಳ್ಳಿಯನ್ನು ಒತ್ತುತ್ತದೆ. ಮೋತಿಗೆ ಆಗಿದ್ದು ಇದೇ. ಜಗುಲಿಯಿಂದ ಹಾರಿದ್ದು ಕೊನೆಯ ನೆಪ ಮಾತ್ರ.

ಲೈನ್‌ಮನ್‌ನಂತೆ ಹುಡುಕಾಟ

ಊರಿನ ಅರ್ಧ ಭಾಗಕ್ಕೆ ಕರೆಂಟ್ ಇದೆ, ಉಳಿದರ್ಧಕ್ಕೆ ಇಲ್ಲ. ಲೈನ್‌ಮನ್ ಏನು ಮಾಡುತ್ತಾರೆ? ದೀಪ ಉರಿಯುವ ಕೊನೆಯ ಕಂಬಕ್ಕೂ ಉರಿಯದ ಮೊದಲ ಕಂಬಕ್ಕೂ ನಡುವೆ ದೋಷ ಹುಡುಕುತ್ತಾರೆ. ತಜ್ಞರು ಮಾಡುವುದೂ ಅದನ್ನೇ.

ಮೊದಲು ಮೋತಿಯ ಹೊಟ್ಟೆಗೆ ಕೈಕೊಟ್ಟು ನಿಲ್ಲಿಸಿ, ಒಂದೊಂದೇ ಪಾದವನ್ನು ಮಡಿಸಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡುತ್ತಾರೆ. ಆರೋಗ್ಯವಂತ ನಾಯಿ ಪಾದವನ್ನು ತಕ್ಷಣ ಸರಿಮಾಡಿಕೊಳ್ಳುತ್ತದೆ. ಮೋತಿ ಮುಂಗಾಲುಗಳನ್ನು ಸರಿಮಾಡಿಕೊಂಡಿತು. ಅಂದರೆ ಮಿದುಳು, ಕುತ್ತಿಗೆ ಸರಿಯಿವೆ. ಹಿಂಗಾಲುಗಳು ಮಾತ್ರ ಮಡಿಸಿದಂತೆಯೇ ಉಳಿದವು.

ನಂತರ ಪುಟ್ಟ ಸುತ್ತಿಗೆಯಿಂದ ಹಿಂಗಾಲಿನ ಮೊಣಕಾಲ ಕೆಳಗೆ ಮೆಲ್ಲನೆ ತಟ್ಟುತ್ತಾರೆ. ಕಾಲು ಒದೆಯಿತು! ಅಂದರೆ ಆ ಕಾಲಿನ ನರ, ಅದು ಹೊರಡುವ ಮಿದುಳುಬಳ್ಳಿಯ ಭಾಗ ಎರಡೂ ಸರಿಯಿವೆ. ಹಾಗಾದರೆ ದೋಷ ಮುಂಗಾಲಿನ ನರಗಳಿಗೂ ಹಿಂಗಾಲಿನ ನರಗಳಿಗೂ ನಡುವೆ, ಬೆನ್ನಿನಲ್ಲಿರಬೇಕು.

ಕಾಲನ್ನಲ್ಲ, ಮುಖವನ್ನು ನೋಡಿ

ಈಗ ತಜ್ಞರು ಹಿಂಗಾಲಿನ ಬೆರಳನ್ನು ಇಕ್ಕುಳದಿಂದ ಒತ್ತುತ್ತಾರೆ. ಮೋತಿ ಕಾಲನ್ನು ಎಳೆದುಕೊಳ್ಳುತ್ತದೆ. "ನೋವು ಗೊತ್ತಾಗುತ್ತಿದೆ!" ಎಂದು ಮನೆಯವರಿಗೆ ಸಂತೋಷ. ಆದರೆ ತಜ್ಞರು ಅದರ ಮುಖವನ್ನೇ ನೋಡುತ್ತಿದ್ದಾರೆ. ಏಕೆ?

ಬಿಸಿ ಹಂಚಿಗೆ ಕೈ ತಾಗಿದಾಗ, ನೋವು ತಿಳಿಯುವ ಮೊದಲೇ ಕೈ ಹಿಂದಕ್ಕೆ ಬರುತ್ತದೆ. ಸುದ್ದಿ ಮಿದುಳುಬಳ್ಳಿಗೆ ಹೋಗಿ, ಅಲ್ಲಿಂದಲೇ ಆಜ್ಞೆ ಮರಳುತ್ತದೆ. ಇದಕ್ಕೆ ಪರಾವರ್ತಿತ ಪ್ರತಿಕ್ರಿಯೆ ಎನ್ನುತ್ತಾರೆ. ಮಿದುಳಿನ ಸಂಪರ್ಕ ಪೂರ್ತಿ ಕಡಿದಿದ್ದರೂ ಕಾಲು ಹೀಗೆ ಎಳೆದುಕೊಳ್ಳಬಲ್ಲದು. ನಾಯಿ ತಿರುಗಿ ನೋಡಿದರೆ, ಕುಂಯ್‌ಗುಟ್ಟಿದರೆ, ಕಚ್ಚಲು ಬಂದರೆ ಮಾತ್ರ ಸುದ್ದಿ ಮಿದುಳಿಗೆ ಮುಟ್ಟಿದೆ ಎಂದು ಅರ್ಥ.

ಎಲ್ಲಕ್ಕಿಂತ ಮುಖ್ಯ ಪರೀಕ್ಷೆ ಇದೇ. ನೋವಿನ ಅರಿವು ಉಳಿದಿದ್ದರೆ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಿನ ನಾಯಿಗಳು ಮತ್ತೆ ನಡೆಯುತ್ತವೆ. ಅರಿವು ಹೋಗಿದ್ದರೆ ಸುಮಾರು ಅರ್ಧದಷ್ಟು ಮಾತ್ರ. ಅದಕ್ಕೇ ಊರಿನ ವೈದ್ಯರು "ತಡಮಾಡಬೇಡಿ" ಎಂದದ್ದು. ಮೋತಿ ತಿರುಗಿ ನೋಡಿ ಗುರ್ ಎಂದಿತು. ಬೈಗುಳದಂತಹ ಆ ದನಿಯೇ ಶುಭಸುದ್ದಿ!

ಮುಂದೇನು?

ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ಮಿದುಳುಬಳ್ಳಿ ಕಾಣದು. ಅದನ್ನು ನೋಡಲು ಕಾಂತ ಮತ್ತು ರೇಡಿಯೋ ಅಲೆಗಳಿಂದ ಕೆಲಸ ಮಾಡುವ ಎಂ.ಆರ್.ಐ. ಯಂತ್ರ ಬೇಕು. ನಾಯಿ ಅಲುಗಾಡದಿರಲು ಅರಿವಳಿಕೆ ಕೊಡುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ಮಣಿಯ ಬದಿಯಲ್ಲಿ ಕಿಂಡಿ ಮಾಡಿ, ಒತ್ತುತ್ತಿರುವ ತಿರುಳನ್ನು ತೆಗೆಯುತ್ತಾರೆ. ತೊಂದರೆ ಸಣ್ಣದಿದ್ದರೆ ಔಷಧ ಕೊಟ್ಟು, ಕೆಲವು ವಾರ ಓಡಾಡದಂತೆ ಇರಿಸಿದರೂ ಗುಣವಾಗಬಹುದು. ಆಮೇಲೆ ನೀರಿನಲ್ಲಿ ನಡೆಸುವ ವ್ಯಾಯಾಮವೂ ಉಂಟು. ನೀರಿನಲ್ಲಿ ಮೈಭಾರ ಕಡಿಮೆಯಾಗುತ್ತದೆಯಲ್ಲವೇ? ಮತ್ತೆ ನಡೆಯಲಾರದ ನಾಯಿಗೆ ಹಿಂದೆ ಎರಡು ಚಕ್ರದ ಪುಟ್ಟ ಗಾಡಿ ಕಟ್ಟುತ್ತಾರೆ.

ಮಾಡಿ ನೋಡಿ

ಎತ್ತರದ ಬೆಂಚಿನ ಮೇಲೆ ಗೆಳೆಯನನ್ನು ಕಾಲು ಇಳಿಬಿಟ್ಟು ಕೂರಿಸಿ. ಮೊಣಕಾಲ ಚಿಪ್ಪಿನ ಸ್ವಲ್ಪ ಕೆಳಗೆ ಅಂಗೈಯ ಅಂಚಿನಿಂದ ಹಗುರವಾಗಿ ತಟ್ಟಿ. ಅವನು ಬೇಡವೆಂದರೂ ಕಾಲು ಮುಂದಕ್ಕೆ ಚಿಮ್ಮುತ್ತದೆ!

ನೆನಪಿಡಿ

* ಬೆನ್ನು ನೊಂದ ನಾಯಿಯನ್ನು ಕಾಲು ಹಿಡಿದು ಎತ್ತಬಾರದು. ಹಿರಿಯರ ನೆರವಿನಿಂದ ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು. ನೋವಿನಲ್ಲಿರುವ ಸಾಕುನಾಯಿಯೂ ಕಚ್ಚಬಹುದು.
* ನಮ್ಮ ನೋವಿನ ಮಾತ್ರೆ ನಾಯಿಗೆ ವಿಷವಾಗಬಹುದು.
* ರೇಬಿಸ್ ತಗುಲಿದ ನಾಯಿಗೂ ಕಾಲು ಸೋಲುತ್ತದೆ. ಬೀದಿನಾಯಿ ಹೀಗಿದ್ದರೆ ಮುಟ್ಟದೆ ಹಿರಿಯರಿಗೆ ತಿಳಿಸಿ. ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು, ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಯೋಚಿಸಿ

ನಾಯಿಯೊಂದು ಎಚ್ಚರವಾಗಿದೆ, ಮುಖವೆಲ್ಲ ಸರಿಯಿದೆ. ಆದರೆ ನಾಲ್ಕೂ ಕಾಲುಗಳಿಗೆ ಬಲವಿಲ್ಲ. ಬೆರಳು ಒತ್ತಿದರೆ ಮಾತ್ರ ನಾಲ್ಕೂ ಎಳೆದುಕೊಳ್ಳುತ್ತವೆ. ದೋಷ ಎಲ್ಲಿರಬಹುದು? (ಉತ್ತರ: ಕುತ್ತಿಗೆಯಲ್ಲಿ. ಏಕೆಂದು ಗೆಳೆಯರಿಗೆ ವಿವರಿಸಿ.)