ಸೂಜಿ ಹಾರದಂತೆ ಗೋಡೆಗೊಂದು ಹಲಗೆ

ಒಂದು ಲೋಟಕ್ಕೆ ಅಂಚಿನವರೆಗೂ ನೀರು ತುಂಬಿ ಮೇಜಿನ ಮೇಲಿಡಿ. ಪಕ್ಕದಲ್ಲಿ ತಮ್ಮನಿಗೋ ತಂಗಿಗೋ ಕುಣಿಯೋಕೆ ಹೇಳಿ. ನೀರು ನಡುಗುತ್ತದೆ. ಅದೇ ಲೋಟವನ್ನು ಗೋಡೆಯ ಗೂಡಿನಲ್ಲಿಟ್ಟು ಇನ್ನೊಮ್ಮೆ ಕುಣಿಸಿ. ಈಗ ನಡುಕ ಕಡಿಮೆ, ಅಲ್ವಾ? ನೆಲ ಮರದ ಹಲಗೆಯದಾಗಿದ್ದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ.

ಗೋವಾದ ಹಳೆಯ ಮಹಡಿ ಮನೆಗಳಲ್ಲಿ ಅಂಥ ನೆಲ ಈಗಲೂ ಸಿಗುತ್ತದೆ. ಲೋರ್ನಾ ಅವರ ಕೊಂಕಣಿ ಹಾಡುಗಳ ರೆಕಾರ್ಡುಗಳನ್ನು ಜೋಪಾನ ಮಾಡಿಟ್ಟ ಮನೆಗಳೂ ಇವೆ. ರೆಕಾರ್ಡು ತಿರುಗುತ್ತಿರುವಾಗ ಯಾರೋ ದಡದಡ ನಡೆದರೆ ಸೂಜಿ ಹಾರಿ ತಟ್ಟೆಗೆ ಗೀರು ಬೀಳುತ್ತದೆ. ಆ ಗೀರು ಮತ್ತೆ ಹೋಗೋದಿಲ್ಲ.

ಯಾಕೆ ಹೀಗೆ? ತಟ್ಟೆಯ ಮೇಲಿನ ಗೆರೆ ನಮ್ಮ ಕೂದಲಿನಷ್ಟು ಸಣ್ಣದು. ಅದರ ಅಂಕುಡೊಂಕೇ ಹಾಡು. ಸೂಜಿ ಅದನ್ನು ಒತ್ತುವುದು ಸುಮಾರು 2 ಗ್ರಾಂ ಭಾರದಿಂದ ಮಾತ್ರ. ಸೂಜಿ ಹಿಡಿದ ತೋಳಿಗೆ ತನ್ನದೇ ಆದ ತೂಗಾಟವಿದೆ, ಸೆಕೆಂಡಿಗೆ ಸುಮಾರು 10 ಸಲ. ಮರದ ನೆಲದ ಅದುರಾಟವೂ ಹೆಚ್ಚುಕಡಿಮೆ ಅಷ್ಟರಲ್ಲೇ ಇರಬಹುದು. ಲಯಕ್ಕೆ ಸರಿಯಾಗಿ ತಳ್ಳಿದರೆ ಜೋಕಾಲಿ ಮೇಲೇರುವುದಿಲ್ಲವೇ, ಇದೂ ಹಾಗೆಯೇ. ಅನುರಣನ ಎಂದು ನೀವು ಪಾಠದಲ್ಲಿ ಓದಿದ್ದು ಇದನ್ನೇ. ಕೆಳಗೆ ಸ್ಪಂಜು ಇಟ್ಟರೆ ಸಾಕು ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಮೆತ್ತಗಿನ ಸ್ಪಂಜು ಹೆಜ್ಜೆಯ ಜೊತೆ ತಾನೂ ಕುಣಿಯಬಹುದು. ಗೋಡೆ ಹಾಗಲ್ಲ. ಅದು ಭಾರಿ, ಅಡಿಪಾಯದ ಮೇಲೆ ನಿಂತಿದೆ, ನಮ್ಮ ಹೆಜ್ಜೆಗೆ ಬಗ್ಗುವುದಿಲ್ಲ.

ಆದರೆ ಗೋಡೆಗೆ ಹಲಗೆ ಹಾಕುವುದು ಫೋಟೊ ತೂಗುಹಾಕಿದಷ್ಟು ಸುಲಭವಲ್ಲ. ಟೆಕ್ನಿಕ್ಸ್ ಎಸ್‌ಎಲ್-1200 ಮಾದರಿಯಂಥ ಟರ್ನ್‌ಟೇಬಲ್ 12 ಕೆಜಿ ದಾಟುತ್ತದೆ. ಹಲಗೆ ಸೇರಿ 15 ಕೆಜಿ, ಅಂದರೆ ಸುಮಾರು 150 ನ್ಯೂಟನ್ ಎಂದಿಟ್ಟುಕೊಳ್ಳಿ. ಈ ಭಾರದ ನಡುಬಿಂದು ಗೋಡೆಯಿಂದ 20 ಸೆಂ.ಮೀ. ಮುಂದಿದೆ. 150 × 0.2 = 30 ನ್ಯೂಟನ್-ಮೀಟರ್. ಇದು ಟಾರ್ಕ್. ಬ್ರಾಕೆಟ್ಟಿನ ಕೆಳತುದಿಯನ್ನು ಗೋಡೆಗೆ ಒತ್ತಿ, ಮೇಲಿನ ಸ್ಕ್ರೂ ಅನ್ನು ಹೊರಗೆ ಎಳೆಯುವುದು ಇದೇ.

ಕೆಳತುದಿಯಿಂದ ಮೇಲಿನ ಸ್ಕ್ರೂ 25 ಸೆಂ.ಮೀ. ದೂರದಲ್ಲಿದ್ದರೆ ಎಳೆತ 30 ÷ 0.25 = 120 ನ್ಯೂಟನ್. 5 ಸೆಂ.ಮೀ. ಮಾತ್ರ ಇದ್ದರೆ? 600 ನ್ಯೂಟನ್! ಎರಡು ಬ್ರಾಕೆಟ್ಟಿಗೆ ಹಂಚಿದರೂ ಒಂದೊಂದಕ್ಕೆ 300, ಅಂದರೆ 30 ಕೆಜಿ ತೂಕದಷ್ಟು. ಭಾರ ಅಷ್ಟೇ, ಹಲಗೆ ಅಷ್ಟೇ. ಬದಲಾದದ್ದು ಬ್ರಾಕೆಟ್ಟಿನ ಉದ್ದ. ಅಂಗಡಿಯಲ್ಲಿ ಗಿಡ್ಡದ್ದು ಅಗ್ಗಕ್ಕೆ ಸಿಕ್ಕರೂ ತರಬೇಡಿ.

ಇನ್ನು ಗೋಡೆಯ ವಿಚಾರ. ಇಲ್ಲಿನ ಹಳೆಯ ಗೋಡೆಗಳು ಹೆಚ್ಚಾಗಿ ಚಿರೆಕಲ್ಲಿನವು, ಅಂದರೆ ಜಂಬಿಟ್ಟಿಗೆ. ಹಳೆ ಗೋವಾದ ಬಾಂ ಜೀಸಸ್ ಬೆಸಿಲಿಕಾದ ಕೆಂಪು ಗೋಡೆ ನೋಡಿದ್ದೀರಲ್ಲ, ಅದೇ ಕಲ್ಲು. ಇದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಅಂದರೆ ಇಟ್ಟಿಗೆ. ಗಣಿಯಲ್ಲಿ ಮೆತ್ತಗಿದ್ದು ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವ ಕಲ್ಲು ಇದು. ಆದರೆ ಒಳಗೆಲ್ಲ ತೂತು. ಡ್ರಿಲ್ಲನ್ನು ಸುತ್ತಿಗೆಯ ಹಾಗೆ ಬಡಿಸುತ್ತಾ ಕೊರೆದರೆ ರಂಧ್ರ ಅಗಲವಾಗಿ, ಪ್ಲಾಸ್ಟಿಕ್ ಗಿಟ್ಟಿ ಸಡಿಲಾಗುತ್ತದೆ. ಬಡಿತ ನಿಲ್ಲಿಸಿ, ಬರೀ ತಿರುಗಿಸಿ ಕೊರೆಯಬೇಕು. ಮೇಲಿನ ಗಾರೆಯಲ್ಲಿ ಹಿಡಿತವಿಲ್ಲ. ಗಿಟ್ಟಿ ಅದನ್ನು ದಾಟಿ ಕಲ್ಲಿನೊಳಗೆ ಕೂರಬೇಕು. ನಿಮ್ಮ ಅಪ್ಪನೋ ಕಾಕಾನೋ ಗೌಂಡಿ ಕೆಲಸದವರಾದರೆ ಅವರನ್ನೇ ಕೇಳಿ. ಎಲ್ಲಿ ಕಲ್ಲು, ಎಲ್ಲಿ ಸಂದು ಎಂದು ಗೋಡೆ ತಟ್ಟಿ ಹೇಳಿಬಿಡುತ್ತಾರೆ. ಕೊರೆಯುವ ಕೆಲಸವೂ ದೊಡ್ಡವರದ್ದೇ. ಒಳಗೆ ಕರೆಂಟಿನ ವೈರ್ ಇರಬಹುದು.

ಹಲಗೆ ಕೂತ ಮೇಲೆ ಟರ್ನ್‌ಟೇಬಲ್ಲನ್ನು ಆಗಲೇ ಇಡಬೇಡಿ. 20 ಲೀಟರಿನ ನೀರಿನ ಕ್ಯಾನ್ ತುಂಬಿಸಿ, ಅಂದರೆ 20 ಕೆಜಿ, ಹಲಗೆಯ ನಡುವೆ ಒಂದು ರಾತ್ರಿ ಇಡಿ. ಕೆಳಗೆ ಯಾರೂ ಮಲಗಬಾರದು. ಬ್ರಾಕೆಟ್ಟಿನ ಮೇಲ್ತುದಿಗೂ ಗೋಡೆಗೂ ನಡುವೆ ಕಾಗದ ತೂರಿಸಿ ನೋಡಿ. ನಿನ್ನೆ ತೂರದ ಕಾಗದ ಇವತ್ತು ತೂರಿದರೆ ಸ್ಕ್ರೂ ಹೊರಬರುತ್ತಿದೆ ಎಂದೇ ಲೆಕ್ಕ. ಕ್ಯಾನ್ ಇಳಿಸಿ, ಬೇರೆ ಜಾಗ ಹುಡುಕಿ.

ಎಲ್ಲ ಸರಿಯಿದ್ದರೆ ರಸಮಟ್ಟ ಇಟ್ಟು ಹಲಗೆಯನ್ನು ಉದ್ದಕ್ಕೂ ಅಡ್ಡಕ್ಕೂ ಸಮ ಮಾಡಿ. ಸ್ಪೀಕರನ್ನು ಮಾತ್ರ ಅದೇ ಹಲಗೆಗೆ ಹತ್ತಿಸಬೇಡಿ. ಅದರ ಅದುರಾಟ ಸೂಜಿಗೆ ಬಂದು, ಮತ್ತೆ ಸ್ಪೀಕರಿಗೆ ಹೋಗಿ, ಹಾಡಿನ ಬದಲು ಗುಂಯ್ ಎನ್ನುವ ಸದ್ದು ಏರುತ್ತಾ ಹೋಗುತ್ತದೆ.