ಆಟದ ಪೀರಿಯಡ್ ಕಸಿಯಬೇಡಿ

"ಇವನ ಕತ್ತಿನ ಹಿಂದೆ ಕಪ್ಪು ಕಟ್ಟಿದೆ ಡಾಕ್ಟ್ರೇ, ಸೋಪು ಹಚ್ಚಿ ಎಷ್ಟು ಉಜ್ಜಿದರೂ ಹೋಗ್ತಾ ಇಲ್ಲ" ಎನ್ನುತ್ತ ತಾಯಿಯೊಬ್ಬರು ಒಂಬತ್ತು ವರ್ಷದ ಮಗನನ್ನು ಕರೆತರುತ್ತಾರೆ. ನಾಲ್ಕನೇ ತರಗತಿಯ ಹುಡುಗ. ಎತ್ತರಕ್ಕೆ ಮೀರಿದ ತೂಕ. ಜೊತೆಗೆ ಬಂದ ಅಜ್ಜಿಗೆ ಅದರ ಚಿಂತೆಯಿಲ್ಲ. "ಮೈಕೈ ತುಂಬಿಕೊಂಡಿದ್ದಾನೆ, ದೃಷ್ಟಿ ತಾಗದಿದ್ದರೆ ಸಾಕು" ಎನ್ನುತ್ತಾರೆ.

ಆದರೆ ಆ ಕಪ್ಪು ಕೊಳೆಯಲ್ಲ. ದಪ್ಪಗಿರುವ ಮಗುವಿನ ಕತ್ತು, ಕಂಕುಳುಗಳ ಚರ್ಮ ಹೀಗೆ ಕಪ್ಪಗೆ, ಒರಟಾದರೆ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬುದರ ಸೂಚನೆ ಅದಾಗಿರಬಹುದು. ಅಲಕ್ಷಿಸಿದರೆ ಮುಂದೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಪಿತ್ತಜನಕಾಂಗದಲ್ಲಿ ಕೊಬ್ಬು ಶೇಖರಣೆ ಎಲ್ಲವೂ ಹಿಂಬಾಲಿಸಬಹುದು.

ಬೊಜ್ಜು ಏಕೆ?

ತಿಂದ ಆಹಾರದಿಂದ ಬರುವ ಶಕ್ತಿ ಖರ್ಚಾಗದೆ ಉಳಿದರೆ ಕೊಬ್ಬಾಗಿ ಶೇಖರವಾಗುತ್ತದೆ. ಅನುವಂಶೀಯತೆಯ ಪಾತ್ರವೂ ಇದೆ. ಪಟ್ಟಣದ ಮಗುವಿನ ದಿನಚರಿ ನೋಡಿ: ಮನೆ ಬಾಗಿಲಿನಿಂದ ವ್ಯಾನು, ತರಗತಿಯಲ್ಲಿ ಬೆಂಚು, ಸಂಜೆ ಟ್ಯೂಷನ್, ರಾತ್ರಿ ಟಿ.ವಿ. ಇಲ್ಲವೇ ಮೊಬೈಲು. ಕೈಯಲ್ಲಿ ಚಿಪ್ಸ್ ಪೊಟ್ಟಣ. ಲಗೋರಿ, ಕುಂಟೆಬಿಲ್ಲೆ ಆಡಲು ಬೀದಿಯಲ್ಲಿ ಜಾಗವಿಲ್ಲ. ಮಗು ಓಡಬಹುದಾದ ಏಕೈಕ ಸ್ಥಳ ಶಾಲೆ. ಅಲ್ಲಿಯೂ ಪರೀಕ್ಷೆ ಹತ್ತಿರವಾದಂತೆ ಆಟದ ಪೀರಿಯಡ್ ಗಣಿತದ ಪಾಲಾಗುತ್ತದೆ!

ಎಷ್ಟು ಆಟ ಬೇಕು?

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರಾಟ ವೇಗವಾಗುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಇದು ಒಂದೇ ಸಲ ಆಗಬೇಕಿಲ್ಲ. ಶಾಲೆ ಅರ್ಧ ಗಂಟೆ ಕೊಟ್ಟರೆ ಉಳಿದದ್ದನ್ನು ಮನೆಯವರು ತುಂಬಿಕೊಡಬಹುದು.

ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಪಟ್ಟಣದ ಪ್ರಾಥಮಿಕ ಶಾಲೆಯೊಂದರಲ್ಲಿ 2012ರಲ್ಲಿ ಮುಖ್ಯೋಪಾಧ್ಯಾಯಿನಿ ಎಲೈನ್ ವೈಲಿ ಸರಳ ಪದ್ಧತಿಯೊಂದನ್ನು ಆರಂಭಿಸಿದರು. ದಿನವೂ 15 ನಿಮಿಷ ಮಕ್ಕಳು ಹೊರಗೆ ಓಡಬೇಕು ಅಥವಾ ನಡೆಯಬೇಕು. ಸ್ಪರ್ಧೆಯಿಲ್ಲ, ಬಟ್ಟೆ ಬದಲಿಸುವುದಿಲ್ಲ, ಖರ್ಚಿಲ್ಲ. ಅಂಥ ಒಂದು ಶಾಲೆಯನ್ನು ಇನ್ನೊಂದರೊಡನೆ ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿತ್ಯ ಓಡಿದ ಮಕ್ಕಳ ದಮ್ಮು ಹೆಚ್ಚಿತ್ತು. ಚರ್ಮದಡಿಯ ಕೊಬ್ಬು ತಗ್ಗಿತ್ತು. ಎರಡೇ ಶಾಲೆಗಳ ಅಧ್ಯಯನವಾದರೂ ಅನುಸರಿಸಲು ಕಷ್ಟವಿಲ್ಲದ ದಾರಿಯಿದು.

ನಮ್ಮ ಶಾಲೆಗಳಲ್ಲಿ

2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗೆ ಆಟದ ಮೈದಾನವಿರಬೇಕೆನ್ನುತ್ತದೆ. ಮೈದಾನ ಚಿಕ್ಕದಾದರೂ ನಷ್ಟವಿಲ್ಲ. ಖೋ ಖೋ, ಕಬಡ್ಡಿಗೆ ದುಬಾರಿ ಸಲಕರಣೆ ಬೇಡ. ಸ್ಕಿಪ್ಪಿಂಗ್ ಹಗ್ಗಕ್ಕೆ ಹಜಾರವೇ ಸಾಕು. ಬಿಸಿಲೇರುವ ಮುನ್ನ ಆಡಿಸಿ, ನೀರು ಕುಡಿಸಿ. ದಪ್ಪ ಹುಡುಗನನ್ನು "ಡುಮ್ಮ" ಎಂದು ಕರೆಯುವುದು, ಶಿಕ್ಷೆಯಾಗಿ ಮೈದಾನ ಸುತ್ತಿಸುವುದು ಸಲ್ಲದು. ಹಾಗಾದರೆ ಅವನು ಆಟವನ್ನೇ ದ್ವೇಷಿಸುತ್ತಾನೆ. ತಂಡಕ್ಕೆ ಸೇರಿಸಿಕೊಳ್ಳದೆ ಬದಿಗೆ ಕೂರಿಸುವುದೂ ತಪ್ಪು. ಉಬ್ಬಸ, ಹೃದಯದ ತೊಂದರೆಯಿರುವ ಮಕ್ಕಳು ಎಷ್ಟು ಆಡಬಹುದೆಂದು ವೈದ್ಯರನ್ನು ಕೇಳಿ.

ಆಟವೊಂದರಿಂದಲೇ ಬೊಜ್ಜು ಕರಗದು ಎಂಬುದನ್ನೂ ಮರೆಯಬಾರದು. ಶಾಲೆಯ ವ್ಯಾಯಾಮದಿಂದ ಮಾತ್ರ ತೂಕದಲ್ಲಾಗುವ ವ್ಯತ್ಯಾಸ ಅಲ್ಪವೇ. ಊಟವೂ ತಿದ್ದುಕೊಳ್ಳಬೇಕು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದೆಂಬ ನಿಯಮ 2020ರಲ್ಲೇ ಬಂದಿದೆ. ಡಬ್ಬಿಗೆ ಬಿಸ್ಕತ್ತಿನ ಬದಲು ಕಡಲೆಕಾಯಿ, ಹೆಸರುಕಾಳು ಉಸಲಿ, ಸೀಬೆಹಣ್ಣು ಹಾಕಿ. ಬೆಳೆಯುವ ಮಗುವನ್ನು ಉಪವಾಸ ಮಾತ್ರ ಕೆಡವಬೇಡಿ. ಎತ್ತರ ಬೆಳೆಯುತ್ತ ತೂಕ ಏರದೆ ನಿಂತರೂ ಅನೇಕ ಮಕ್ಕಳಿಗೆ ಅದು ಗೆಲುವೇ.

ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಬಗ್ಗೆ ಕೇಳುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಮೇಷ್ಟ್ರೇ, ನನ್ನ ಮಗು ಈ ವಾರ ಎಷ್ಟು ಹೊತ್ತು ಓಡಿತು?" ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?