ಬ್ರಿಟನ್ನಿನಲ್ಲಿ ಕಾಡುಹಣ್ಣು ಸಂಗ್ರಹ

ಬ್ರಿಟನ್ನಿನಲ್ಲಿ ಕಾಡುಹಣ್ಣು ಸಂಗ್ರಹ ಎಂಬುದು ಬೇಲಿಸಾಲು, ಕಾಡಂಚು, ಗುಡ್ಡಗಾಡು ಮತ್ತು ಸಾರ್ವಜನಿಕ ಕಾಲುದಾರಿಗಳ ಬದಿಯಲ್ಲಿ ತಾನಾಗಿ ಬೆಳೆದ ಹಣ್ಣುಗಳನ್ನು ಮನೆಬಳಕೆಗಾಗಿ ಕಿತ್ತು ತರುವ ರೂಢಿಯಾಗಿದೆ. ಇದರ ಕಾಲ ಸಾಮಾನ್ಯವಾಗಿ ಜುಲೈ ತಿಂಗಳಿನಿಂದ ಅಕ್ಟೋಬರ್ ಕೊನೆಯವರೆಗೆ. ಬ್ಲ್ಯಾಕ್‌ಬೆರಿ, ಬಿಲ್ಬೆರಿ, ಎಲ್ಡರ್‌ಬೆರಿ, ಸ್ಲೋ, ಕಾಡುಸೇಬು ಹಾಗೂ ಕಾಡುಗುಲಾಬಿಯ ಕಾಯಿ ಇವುಗಳಲ್ಲಿ ಮುಖ್ಯವಾದವು. ಹುಟ್ಟಿದೂರಿನಲ್ಲಿ ಬಾಲ್ಯದಿಂದಲೇ ಕಾಡುಹಣ್ಣು ತಿಂದು ಬೆಳೆದು, ಅನಂತರ ಈ ದೇಶಕ್ಕೆ ವಲಸೆ ಬಂದವರಲ್ಲಿಯೂ ಈ ಹವ್ಯಾಸವಿದೆ. ಆದರೆ ತಾಯ್ನಾಡಿನಲ್ಲಿ ಕಲಿತ ಗುರುತುಗಳು ಇಲ್ಲಿ ಕೆಲವೊಮ್ಮೆ ಅಪಾಯಕ್ಕೆ ಎಡೆಮಾಡಿಕೊಡುತ್ತವೆ.

ಹಿನ್ನೆಲೆ

ಇಂಗ್ಲೆಂಡಿನ ಹಳ್ಳಿಗಾಡಿನ ವಿಶೇಷ ಲಕ್ಷಣವೆಂದರೆ ಹೊಲಗಳ ನಡುವಣ ಹಸಿರುಬೇಲಿಗಳು. ಇವುಗಳಲ್ಲಿ ಕೆಲವು ಬಹು ಪುರಾತನವಾದವು. ಉಳಿದ ಅನೇಕ ಬೇಲಿಗಳು 18 ಮತ್ತು 19ನೆಯ ಶತಮಾನಗಳಲ್ಲಿ ಸಂಸತ್ತಿನ ಕಾಯಿದೆಗಳ ಮೂಲಕ ಊರೊಟ್ಟಿನ ಬಯಲುಗಳನ್ನು ಖಾಸಗಿ ಹಿಡುವಳಿಗಳಾಗಿ ಹಂಚಿದಾಗ ಹುಟ್ಟಿಕೊಂಡವು. ಆಗ ಗಡಿಯುದ್ದಕ್ಕೂ ಹಾಥಾರ್ನ್ ಎಂಬ ಮುಳ್ಳುಗಿಡವನ್ನು ನೆಟ್ಟರು. ಅದರ ನಡುವೆ ಹಕ್ಕಿಗಳ ಹಿಕ್ಕೆಯಿಂದ ಬಿದ್ದ ಬೀಜಗಳು ಮೊಳೆತು ಬ್ಲ್ಯಾಕ್‌ಬೆರಿ, ಕಾಡುಗುಲಾಬಿ, ಎಲ್ಡರ್ ಗಿಡಗಳು ಸೇರಿಕೊಂಡವು. ಬಡವರ ಕೈಯಿಂದ ಮೇವು ಸೌದೆಗಳ ಹಕ್ಕನ್ನು ಕಸಿದುಕೊಂಡ ಬೇಲಿಯೇ ಅವರ ಮಕ್ಕಳಿಗೆ ಹಣ್ಣನ್ನೂ ಕೊಟ್ಟಿತೆಂಬುದು ಇತಿಹಾಸದ ಒಂದು ವೈಚಿತ್ರ್ಯ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಸಂಗ್ರಹಕ್ಕೆ ಸರಕಾರದ ಮಾನ್ಯತೆ ದೊರೆಯಿತು. ಹಡಗುಸಂಚಾರಕ್ಕೆ ಅಡ್ಡಿಯುಂಟಾಗಿ ಕಿತ್ತಳೆ ಮುಂತಾದ ಹಣ್ಣುಗಳ ಆಮದು ಕುಸಿದಾಗ ಮಕ್ಕಳಿಗೆ 'ಸಿ' ಜೀವಸತ್ವದ ಕೊರತೆಯಾಗುವ ಭಯ ಹುಟ್ಟಿತು. ಕಾಡುಗುಲಾಬಿಯ ಕೆಂಪು ಕಾಯಿಯಲ್ಲಿ ಈ ಜೀವಸತ್ವ ಕಿತ್ತಳೆಗಿಂತ ಬಹಳ ಹೆಚ್ಚು. 1941ರಿಂದ ಶಾಲಾಮಕ್ಕಳು, ಸ್ಕೌಟುಗಳು ಮತ್ತು ಮಹಿಳಾ ಸಂಘದವರು ಈ ಕಾಯಿಗಳನ್ನು ಟನ್ನುಗಟ್ಟಲೆ ಆರಿಸಿ ಕೊಟ್ಟರು. ಕಾರ್ಖಾನೆಗಳಲ್ಲಿ ಅದರಿಂದ ಪಾನಕ ತಯಾರಿಸಿ ಮಕ್ಕಳಿಗೆ ಹಂಚಲಾಯಿತು. ಯುದ್ಧಾನಂತರ ಅಂಗಡಿಯ ಹಣ್ಣು ಅಗ್ಗವಾದಂತೆ ಆಸಕ್ತಿ ಇಳಿಯಿತು. 1972ರಲ್ಲಿ ಪ್ರಕಟವಾದ ರಿಚರ್ಡ್ ಮೇಬಿಯವರ 'ಫುಡ್ ಫಾರ್ ಫ್ರೀ' ಎಂಬ ಪುಸ್ತಕ ಅದನ್ನು ಮತ್ತೆ ಚಿಗುರಿಸಿತು.

ಮುಖ್ಯ ಹಣ್ಣುಗಳು

ಎಲ್ಲಕ್ಕಿಂತ ಜನಪ್ರಿಯವಾದುದು ಬ್ಲ್ಯಾಕ್‌ಬೆರಿ. ಸಸ್ಯಶಾಸ್ತ್ರದಲ್ಲಿ ರೂಬಸ್ ಫ್ರುಟಿಕೋಸಸ್ ಎಂದು ಕರೆಯುವ ಇದು ವಾಸ್ತವವಾಗಿ ಒಂದೇ ಸಸ್ಯವಲ್ಲ. ಬ್ರಿಟನ್ನಿನಲ್ಲಿಯೇ ಇದರ 300ಕ್ಕೂ ಹೆಚ್ಚು ಸೂಕ್ಷ್ಮಪ್ರಭೇದಗಳನ್ನು ತಜ್ಞರು ಗುರುತಿಸಿದ್ದಾರೆ. ಒಂದು ಪೊದೆಯ ಹಣ್ಣು ಸಿಹಿಯಾಗಿಯೂ ಹತ್ತು ಹೆಜ್ಜೆ ಆಚೆಯ ಪೊದೆಯದು ಸಪ್ಪೆಯಾಗಿಯೂ ಇರುವುದಕ್ಕೆ ಇದೂ ಒಂದು ಕಾರಣ. ಬಾಗಿದ ಮುಳ್ಳುಕಾಂಡ ಮೊದಲ ವರ್ಷ ಬರಿದೆ ಬೆಳೆದು, ಎರಡನೆಯ ವರ್ಷ ಹೂಬಿಟ್ಟು ಹಣ್ಣಾಗಿ ಸಾಯುತ್ತದೆ. ಹಣ್ಣು ಮಣಿಗಳ ಗೊಂಚಲಿನಂತಿದ್ದು ಮೊದಲು ಹಸಿರು, ಆಮೇಲೆ ಕೆಂಪು, ಕೊನೆಗೆ ಕಪ್ಪಾಗುತ್ತದೆ. ಗೊಂಚಲಿನ ತುದಿಯ ಹಣ್ಣು ಎಲ್ಲಕ್ಕಿಂತ ಮೊದಲು ಮಾಗುತ್ತದೆ. ಅದೇ ಹೆಚ್ಚು ಸಿಹಿ. ಕಿತ್ತಾಗ ಒಳಗಿನ ಬಿಳಿ ದಿಂಡು ಹಣ್ಣಿನೊಂದಿಗೇ ಬರುತ್ತದೆ. ಇದೇ ಕುಲದ ರಾಸ್‌ಬೆರಿಯಲ್ಲಿ ದಿಂಡು ಗಿಡದಲ್ಲಿಯೇ ಉಳಿದು ಹಣ್ಣು ಟೊಳ್ಳಾದ ಟೋಪಿಯಂತೆ ಕಳಚಿಕೊಳ್ಳುತ್ತದೆ. ಪಶ್ಚಿಮಘಟ್ಟಗಳ ಎತ್ತರದ ಪ್ರದೇಶಗಳಲ್ಲಿಯೂ ರೂಬಸ್ ಕುಲದ ಮುಳ್ಳುಪೊದೆಗಳಿರುವುದರಿಂದ ಆ ಕಡೆಯವರಿಗೆ ಬ್ಲ್ಯಾಕ್‌ಬೆರಿ ತೀರ ಅಪರಿಚಿತವೆನಿಸದು.

ಸೆಪ್ಟೆಂಬರ್ 29ರ ಮೈಕಲ್‌ಮಸ್ ಹಬ್ಬದ ಬಳಿಕ ಸೈತಾನನು ಬ್ಲ್ಯಾಕ್‌ಬೆರಿಯ ಮೇಲೆ ಉಗುಳುತ್ತಾನೆ, ಆದ್ದರಿಂದ ಆಮೇಲೆ ತಿನ್ನಬಾರದು ಎಂಬ ಜನಪದ ನಂಬಿಕೆಯಿದೆ. ಹಳೆಯ ಪಂಚಾಂಗದ ಪ್ರಕಾರ ಈ ದಿನ ಅಕ್ಟೋಬರ್ ಎರಡನೆಯ ವಾರದಲ್ಲಿ ಬೀಳುತ್ತದೆ. ನಂಬಿಕೆಯನ್ನು ನಗೆಗೀಡು ಮಾಡಬೇಕಾಗಿಲ್ಲ: ಆ ಹೊತ್ತಿಗೆ ಚಳಿ ತೇವಗಳಿಂದ ಹಣ್ಣು ನೀರುನೀರಾಗಿ ಬೂಸಲು ಹಿಡಿದಿರುತ್ತದೆ.

ಬಿಲ್ಬೆರಿ ಮೂರ್ ಎಂದು ಕರೆಯಲಾಗುವ ಬೋಳುಗುಡ್ಡಗಳ ಆಮ್ಲೀಯ ಮಣ್ಣಿನಲ್ಲಿ ಮೊಣಕಾಲೆತ್ತರದ ಗಿಡಗಳಲ್ಲಿ ಬಿಡುವ ಕಡುನೀಲಿ ಹಣ್ಣು. ಅಂಗಡಿಯ ಬ್ಲೂಬೆರಿಯ ತಿರುಳು ಬಿಳಿಚಾಗಿದ್ದರೆ ಇದರದು ಒಳಗೂ ನೇರಳೆ. ತಿಂದವರ ನಾಲಿಗೆ ಬೆರಳುಗಳು ನೇರಳೆಹಣ್ಣು ತಿಂದ ಮಕ್ಕಳಂತೆ ಬಣ್ಣಗಟ್ಟುತ್ತವೆ. ಸ್ಕಾಟ್ಲೆಂಡಿನಲ್ಲಿ ಇದಕ್ಕೆ ಬ್ಲೇಬೆರಿ ಎಂದೂ ವೇಲ್ಸಿನ ಗಡಿಭಾಗದಲ್ಲಿ ವಿನ್‌ಬೆರಿ ಎಂದೂ ಹೆಸರು. ಸ್ಲೋ ಎಂಬುದು ಬ್ಲ್ಯಾಕ್‌ಥಾರ್ನ್ ಮುಳ್ಳುಗಿಡದ ಫಲ. ನೋಟಕ್ಕೆ ಪುಟ್ಟ ದ್ರಾಕ್ಷಿ, ರುಚಿಗೆ ಬಾಯಿ ಕಟ್ಟಿಹೋಗುವಷ್ಟು ಒಗರು. ಹಿಮ ಬಿದ್ದ ಮೇಲೆ ಕಿತ್ತು ಸಕ್ಕರೆಯೊಡನೆ ಜಿನ್ ಮದ್ಯದಲ್ಲಿ ನೆನೆಹಾಕುವುದು ರೂಢಿ. ಎಲ್ಡರ್‌ಬೆರಿಯನ್ನು ಹಸಿಯಾಗಿ ತಿಂದರೆ ವಾಂತಿಯಾಗಬಹುದು, ಬೇಯಿಸಿದರೆ ನಿರಪಾಯ. ರೋವನ್ ಮರದ ಕೆಂಪು ಹಣ್ಣೂ ಹಾಗೆಯೇ. ಕಾಡುಸೇಬಿನಲ್ಲಿ ಪೆಕ್ಟಿನ್ ಅಂಶ ಹೇರಳವಾಗಿರುವುದರಿಂದ ಅದನ್ನು ಬೇರೆ ಹಣ್ಣುಗಳ ಜೊತೆ ಕುದಿಸಿದರೆ ಜಾಮ್ ಚೆನ್ನಾಗಿ ಗಟ್ಟಿಯಾಗುತ್ತದೆ. ಗುಲಾಬಿಕಾಯಿಯ ಒಳಗಿನ ಸುಂಕು ಗಂಟಲನ್ನು ಕೆರೆಸುವುದರಿಂದ ರಸವನ್ನು ದಟ್ಟ ಬಟ್ಟೆಯಲ್ಲಿ ಸೋಸದೆ ಬಳಸಬಾರದು.

ಕಾನೂನು

ಹೊಸದಾಗಿ ಬಂದವರು ಮೊದಲು ಕೇಳುವುದು ಇದು ಕಳ್ಳತನವಾಗುವುದೇ ಎಂದು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಜಾರಿಯಲ್ಲಿರುವ 1968ರ ಕಳ್ಳತನ ಕಾಯಿದೆಯ ಪ್ರಕಾರ, ಯಾರ ನೆಲದಲ್ಲಿಯೇ ಆಗಲಿ, ತಾನಾಗಿ ಬೆಳೆದ ಗಿಡದ ಹೂ, ಹಣ್ಣು, ಎಲೆಗಳನ್ನಾಗಲಿ ಕಾಡು ಅಣಬೆಯನ್ನಾಗಲಿ ಕಿತ್ತುಕೊಳ್ಳುವುದು ಕಳ್ಳತನವಲ್ಲ. ಮಾರಾಟ ಅಥವಾ ಇತರ ವಾಣಿಜ್ಯ ಉದ್ದೇಶಕ್ಕಾಗಿ ಕಿತ್ತರೆ ಮಾತ್ರ ಅಪರಾಧ. ಆದರೆ ಹಣ್ಣಿಗೆ ಅನುಮತಿಯಿದ್ದ ಮಾತ್ರಕ್ಕೆ ನೆಲದ ಮೇಲೆ ಕಾಲಿಡಲು ಅನುಮತಿಯಿದೆಯೆಂದಾಗದು. ಸಾರ್ವಜನಿಕ ಕಾಲುದಾರಿಗಳು ಮತ್ತು 2000ದ ಗ್ರಾಮಾಂತರ ಪ್ರವೇಶ ಕಾಯಿದೆಯಡಿ ನಕ್ಷೆಯಲ್ಲಿ ಗುರುತಿಸಿದ ತೆರೆದ ಭೂಮಿಯನ್ನು ಬಿಟ್ಟು ಬೇರೆಡೆ ಹೋಗಲು ಒಡೆಯರ ಒಪ್ಪಿಗೆ ಬೇಕು. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯಿದೆ ಹೆಚ್ಚು ಉದಾರವಾಗಿದೆ. 1981ರ ವನ್ಯಜೀವಿ ಕಾಯಿದೆಯ ಮೇರೆಗೆ ಒಡೆಯರ ಒಪ್ಪಿಗೆಯಿಲ್ಲದೆ ಯಾವ ಕಾಡುಗಿಡವನ್ನೂ ಬೇರುಸಹಿತ ಕೀಳುವಂತಿಲ್ಲ. ಲಂಡನ್ನಿನ ರಾಜೋದ್ಯಾನಗಳಂತಹ ಕೆಲವು ಕಡೆ ಸಂಗ್ರಹವನ್ನೇ ನಿಷೇಧಿಸಲಾಗಿದೆ.

ವಲಸೆ ಬಂದವರು ಮತ್ತು ಗುರುತಿನ ತೊಡಕು

ಕಾಡುಹಣ್ಣಿನ ಜ್ಞಾನ ಬಹುಮಟ್ಟಿಗೆ ಸ್ಥಳೀಯವಾದುದು. ಅಜ್ಜಿ ಮೊಮ್ಮಗಳಿಗೆ ಗಿಡ ತೋರಿಸಿ ಕಲಿಸುವ ವಿದ್ಯೆ ಇದಾದುದರಿಂದ ಊರು ಬದಲಾದರೆ ಅದರ ಬುಡವೇ ಅಲುಗುತ್ತದೆ. ಕರ್ನಾಟಕದಲ್ಲಿ ಕವಳಿ, ನೇರಳೆ, ಮುರುಗಲು ಮೊದಲಾದವುಗಳ ಸುಗ್ಗಿ ಬೇಸಗೆಯ ಕೊನೆಯಿಂದ ಮಳೆಗಾಲದ ಆರಂಭದವರೆಗೆ. ಬ್ರಿಟನ್ನಿನಲ್ಲಿ ಅದು ಚಳಿಗಾಲದ ಮುನ್ನ. ಋತುವಿನ ಈ ವ್ಯತ್ಯಾಸವನ್ನು ಒಂದು ವರ್ಷದಲ್ಲಿ ಕಲಿಯಬಹುದು. ಕಷ್ಟವಾದುದು ಹೋಲಿಕೆಯ ಪ್ರಶ್ನೆ.

ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಗಣಿಕೆ. ಸೊಲಾನಮ್ ನೈಗ್ರಮ್ ಎಂಬ ಶಾಸ್ತ್ರೀಯ ನಾಮವುಳ್ಳ ಈ ಗಿಡದ ಸೊಪ್ಪನ್ನು ಕನ್ನಡ ನಾಡಿನಲ್ಲಿ ಪಲ್ಯ, ಸಾರುಗಳಿಗೆ ಬಳಸುತ್ತಾರೆ. ಮಾಗಿದ ಕರಿಹಣ್ಣನ್ನು ಮಕ್ಕಳು ಹೊಲದ ಬದುವಿನಲ್ಲಿ ಕಿತ್ತು ತಿನ್ನುತ್ತಾರೆ. ಇಂಗ್ಲಿಷಿನಲ್ಲಿ ಇದರ ಹೆಸರು ಬ್ಲ್ಯಾಕ್ ನೈಟ್‌ಶೇಡ್. ಬ್ರಿಟನ್ನಿನ ಸುಣ್ಣದ ಮಣ್ಣಿನ ಕಾಡಂಚುಗಳಲ್ಲಿ ಇದರ ಕುಟುಂಬಕ್ಕೇ ಸೇರಿದ ಅಟ್ರೋಪಾ ಬೆಲಡೋನಾ ಬೆಳೆಯುತ್ತದೆ. ಅದರ ಹೆಸರು ಡೆಡ್ಲಿ ನೈಟ್‌ಶೇಡ್. ಅದರ ಹಣ್ಣೂ ಕಪ್ಪು, ಅದೂ ದುಂಡಗೆ. ಒಂದು ಆಹಾರ, ಇನ್ನೊಂದು ಆ ದೇಶದ ಅತಿ ವಿಷಯುಕ್ತ ಸಸ್ಯಗಳಲ್ಲೊಂದು. ಹೆಸರಿನ ಸಾಮ್ಯದಿಂದ ಗೊಂದಲ ಎರಡೂ ಕಡೆಗೆ ನಡೆಯುತ್ತದೆ: ಇಂಗ್ಲಿಷರಲ್ಲಿ ಹಲವರು ಗಣಿಕೆಯನ್ನೇ ಮಾರಕ ವಿಷವೆಂದು ಭಾವಿಸಿದರೆ, ಗಣಿಕೆ ತಿಂದು ಬೆಳೆದವರು ಬೆಲಡೋನಾವನ್ನು ಅದರ ದೊಡ್ಡ ಜಾತಿಯೆಂದು ತಿಳಿಯುವ ಅಪಾಯವಿದೆ.

ಇವೆರಡನ್ನು ಬೇರ್ಪಡಿಸುವ ಲಕ್ಷಣಗಳು ನಿಶ್ಚಿತವಾಗಿವೆ. ಗಣಿಕೆಯ ಹಣ್ಣುಗಳು ಒಂದೇ ಕಾವಿನಿಂದ ಸಣ್ಣ ಗೊಂಚಲಾಗಿ ಇಳಿಬಿದ್ದಿರುತ್ತವೆ, ಗಾತ್ರ ಒಂದು ಸೆಂಟಿಮೀಟರಿಗಿಂತ ಕಡಿಮೆ, ತೊಟ್ಟಿನ ಬುಡದ ಹಸಿರು ಎಸಳುಗಳು ಹಣ್ಣಿಗಿಂತ ಚಿಕ್ಕವು, ಹೂ ಬಿಳಿ. ಬೆಲಡೋನಾದ ಹಣ್ಣು ಒಂಟಿಯಾಗಿ ಬಿಡುತ್ತದೆ. ಗಾತ್ರದಲ್ಲಿ ಚೆರಿಹಣ್ಣಿನಷ್ಟಿದ್ದು ಎಣ್ಣೆ ಸವರಿದಂತೆ ಹೊಳೆಯುತ್ತದೆ. ಅದರ ಕೆಳಗೆ ಐದು ಅಗಲವಾದ ಹಸಿರು ಎಸಳುಗಳು ನಕ್ಷತ್ರದಂತೆ ಹರಡಿರುತ್ತವೆ. ಹೂ ಮಾಸಲು ನೇರಳೆ ಬಣ್ಣದ ಗಂಟೆ. ಗಣಿಕೆಯ ಹಸಿರು ಕಾಯಿಯೂ ವಿಷಕಾರಿಯೇ ಎಂಬುದನ್ನು ಇಲ್ಲಿಯೇ ಹೇಳಬೇಕು.

ಬೆಲಡೋನಾದಲ್ಲಿರುವ ಅಟ್ರೋಪಿನ್ ಮುಂತಾದ ಕ್ಷಾರಗಳಿಂದ ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಮೈ ಕೆಂಪಾಗಿ ಬಿಸಿಯೇರುವುದು, ಎದೆಬಡಿತ ಹೆಚ್ಚುವುದು ಮತ್ತು ಸನ್ನಿ ಉಂಟಾಗುತ್ತವೆ. ಕೆಲವೇ ಹಣ್ಣುಗಳು ಮಗುವಿನ ಪ್ರಾಣಕ್ಕೆ ಎರವಾಗಬಲ್ಲವು. ಶಂಕೆ ಬಂದೊಡನೆ 999ಕ್ಕೆ ಕರೆಮಾಡಿ, ತಿಂದ ಗಿಡದ ಒಂದು ರೆಂಬೆಯನ್ನು ಆಸ್ಪತ್ರೆಗೆ ಒಯ್ಯಬೇಕು. ಒತ್ತಾಯದಿಂದ ವಾಂತಿ ಮಾಡಿಸಬಾರದು.

ಹಳ್ಳಿಗಳಲ್ಲಿ ಪ್ರಚಲಿತವಾಗಿರುವ ಎರಡು ಪರೀಕ್ಷೆಗಳು ಇಲ್ಲಿ ಕೈಕೊಡುತ್ತವೆ. ವಿಷವಾದುದು ಕಹಿಯಾಗಿರುತ್ತದೆ ಎಂಬುದು ಮೊದಲನೆಯದು. ಬೆಲಡೋನಾ ಹಣ್ಣು ಸಿಹಿಯಾಗಿಯೇ ಇರುತ್ತದೆ. ಹಕ್ಕಿ ತಿಂದುದನ್ನು ಮನುಷ್ಯನೂ ತಿನ್ನಬಹುದು ಎಂಬುದು ಎರಡನೆಯದು. ಚರ್ಚಿನ ಅಂಗಳಗಳಲ್ಲಿ ಸಾಮಾನ್ಯವಾದ ಯೂ ಮರದ ಕೆಂಪು ಹಣ್ಣನ್ನು ಹಕ್ಕಿಗಳು ಧಾರಾಳವಾಗಿ ತಿನ್ನುತ್ತವೆ. ಅದರ ಕೆಂಪು ತಿರುಳು ನಿರ್ವಿಷ, ಒಳಗಿನ ಬೀಜ ಮಾರಕ. ಹಕ್ಕಿ ಬೀಜವನ್ನು ಅಗಿಯದೆ ವಿಸರ್ಜಿಸುತ್ತದೆ, ಮಗು ಅಗಿಯುತ್ತದೆ.

ಕೆಲವು ಕಡೆ ತಾಯ್ನಾಡಿನ ಅನುಭವ ನೆರವಿಗೂ ಬರುತ್ತದೆ. ಬೇಲಿಬುಡದಲ್ಲಿ ಜೋಳದ ತೆನೆಯಂತೆ ಕಿತ್ತಳೆಗೆಂಪಿನ ಹಣ್ಣುಗಳನ್ನು ಹೊತ್ತು ನಿಲ್ಲುವ ಆರಮ್ ಗಿಡ ಕೆಸು, ಸುವರ್ಣಗೆಡ್ಡೆಗಳ ಕುಟುಂಬದ್ದು. ಹಸಿಕೆಸು ಬಾಯನ್ನು ತುರಿಸುವುದನ್ನು ಬಲ್ಲವರಿಗೆ ಇದರ ಉರಿಯ ಕಾರಣವನ್ನು ವಿವರಿಸಬೇಕಾಗಿಲ್ಲ. ಎರಡರಲ್ಲಿಯೂ ಇರುವುದು ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಬೇಲಿಗೆ ಹಬ್ಬಿ ಕೆಂಪು ಮಣಿಸರದಂತೆ ತೋರುವ ಬ್ಲ್ಯಾಕ್ ಬ್ರಯೋನಿಯೂ ವಿಷಯುಕ್ತ. ಅದು ಮುಡಿಗೆಣಸಿನ ಕುಟುಂಬದ ಬಳ್ಳಿ.

ಹಣ್ಣಿಗಿಂತ ಅಣಬೆಯ ವಿಷಯದಲ್ಲಿ ಇಂತಹ ತಪ್ಪು ಗುರುತಿನ ದುರಂತಗಳು ಹೆಚ್ಚು. ಏಷ್ಯಾದಲ್ಲಿ ಜನಪ್ರಿಯವಾದ ಭತ್ತದ ಹುಲ್ಲಿನ ಅಣಬೆಯೆಂದು ಭ್ರಮಿಸಿ ಡೆತ್ ಕ್ಯಾಪ್ ಎಂಬ ವಿಷದ ಅಣಬೆಯನ್ನು ತಿಂದ ವಲಸಿಗರ ಪ್ರಕರಣಗಳು ಅಮೆರಿಕ ಮತ್ತು ಆಸ್ಟ್ರೇಲಿಯಾಗಳಲ್ಲಿ ದಾಖಲಾಗಿವೆ. 2015ರಲ್ಲಿ ಜರ್ಮನಿಗೆ ಬಂದ ನಿರಾಶ್ರಿತರಲ್ಲಿ ಹೀಗೆ ವಿಷಬಾಧೆ ಕಾಣಿಸಿಕೊಂಡಾಗ ಹನೋವರಿನ ವೈದ್ಯಕೀಯ ವಿದ್ಯಾಲಯವು ಅರಬ್ಬಿ ಮುಂತಾದ ಭಾಷೆಗಳಲ್ಲಿ ಚಿತ್ರಸಹಿತ ಎಚ್ಚರಿಕೆಯ ಭಿತ್ತಿಪತ್ರ ಹೊರಡಿಸಿತು. ಬಂದವರ ಭಾಷೆಯಲ್ಲಿಯೇ ಹೇಳುವ ಈ ಕ್ರಮ ಅನುಕರಣೀಯ.

ಸಂಗ್ರಹದ ರೀತಿ

ಕಾಲುದಾರಿಯ ಬದಿಯಲ್ಲಿ ಮೊಣಕಾಲಿಗಿಂತ ಕೆಳಗಿನ ಹಣ್ಣನ್ನು ನಾಯಿಗಳ ಕಾರಣದಿಂದಲೂ, ವಾಹನದಟ್ಟಣೆಯ ರಸ್ತೆಯಂಚಿನ ಹಣ್ಣನ್ನು ಹೊಗೆಯ ಕಾರಣದಿಂದಲೂ ಬಿಡುವುದು ವಾಡಿಕೆ. ಹುಲ್ಲುಪೊದೆಗಳಲ್ಲಿರುವ ಉಣ್ಣೆಗಳು ಲೈಮ್ ಎಂಬ ಜ್ವರವನ್ನು ಹರಡುವುದರಿಂದ ಉದ್ದ ಕಾಲುಡುಪು ಅಗತ್ಯ. ಮನೆಗೆ ಬಂದು ಮೈ ನೋಡಿಕೊಳ್ಳಬೇಕು. ಸ್ಕ್ಯಾಂಡಿನೇವಿಯದಿಂದ ಚಳಿಗಾಲಕ್ಕೆ ವಲಸೆ ಬರುವ ಫೀಲ್ಡ್‌ಫೇರ್, ರೆಡ್‌ವಿಂಗ್ ಹಕ್ಕಿಗಳಿಗೆ ಬೇಲಿಯ ಹಣ್ಣೇ ಆಹಾರವಾದುದರಿಂದ ಪೊದೆಯನ್ನು ಪೂರ್ತಿ ಬರಿದುಮಾಡುವುದಿಲ್ಲ.

ಇತರ ದೇಶಗಳಲ್ಲಿ

ನಾರ್ವೆ, ಸ್ವೀಡನ್, ಫಿನ್‌ಲೆಂಡುಗಳಲ್ಲಿ ಸರ್ವಜನರ ಹಕ್ಕು ಎಂಬ ಪರಂಪರೆಯಿದ್ದು, ಇತರರ ಕಾಡಿನಲ್ಲಿಯೂ ನಡೆದಾಡಿ ಹಣ್ಣು ಆರಿಸಬಹುದು. ಸ್ವೀಡನ್ ಈ ಹಕ್ಕನ್ನು 1994ರಲ್ಲಿ ಸಂವಿಧಾನದಲ್ಲಿ ಉಲ್ಲೇಖಿಸಿತು. ಫಿನ್‌ಲೆಂಡಿನಲ್ಲಿ ಆರಿಸಿದವರು ಕಾಡುಹಣ್ಣನ್ನು ಮಾರಿದ ಆದಾಯಕ್ಕೆ ತೆರಿಗೆಯೂ ಇಲ್ಲ. ಆದರೆ ಅಲ್ಲಿಯ ವಾಣಿಜ್ಯ ಸಂಗ್ರಹದ ಬಹುಪಾಲನ್ನು ನಡೆಸಿದವರು ಥಾಯ್ಲೆಂಡಿನ ಹಳ್ಳಿಗಳಿಂದ ಋತುಮಾನಕ್ಕೆ ಬರುವ ಕೂಲಿಗಳು. ವಿಮಾನದ ಖರ್ಚು, ಊಟ, ವಸತಿಗಳಿಗೆ ಸಾಲಮಾಡಿ ಬಂದ ಇವರಲ್ಲಿ ಹಲವರು, ಬೆಳೆ ಕೈಕೊಟ್ಟ ವರ್ಷಗಳಲ್ಲಿ ಸಾಲದೊಂದಿಗೇ ಹಿಂತಿರುಗಿದರು. ಇಂತಹ ಸಂಗ್ರಹ ವ್ಯವಹಾರದ ಕೆಲವರ ಮೇಲೆ ಮಾನವ ಸಾಗಣೆಯ ಮೊಕದ್ದಮೆಗಳೂ ನಡೆದಿವೆ.